ಮೈಐಡಿಪಿ: ಸಂಶೋಧನಾ ವಿದ್ಯಾರ್ಥಿಗಳ ವೃತ್ತಿ ಯೋಜನೆಗೆ ಒದಗುವ ಉಚಿತ ಸೇವೆಯೊಂದರ ವಿಮರ್ಶೆ

ಸಂಶೋಧನಾ ಪದವಿಗೆ ಸೇರಿದ ವಿದ್ಯಾರ್ಥಿಗೆ ಪ್ರಯೋಗವನ್ನು ಹೇಗೆ ರೂಪಿಸಬೇಕು, ಲೇಖನವನ್ನು ಹೇಗೆ ಬರೆಯಬೇಕು, ಸೆಮಿನಾರಿನಲ್ಲಿ ಹೇಗೆ ಮಂಡಿಸಬೇಕು ಎಂಬುದನ್ನೆಲ್ಲ ಹೇಳಿಕೊಡುವವರು ಇರುತ್ತಾರೆ. ಪದವಿ ಮುಗಿದ ಮೇಲೆ ಏನು ಮಾಡಬೇಕು ಎಂಬುದನ್ನು ಕ್ರಮವಾಗಿ ಯೋಚಿಸಲು ಹೇಳಿಕೊಡುವವರು ತೀರಾ ಅಪರೂಪ. ಮಾರ್ಗದರ್ಶಕರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಹೊರಗೆ ಎಂದೂ ಕೆಲಸ ಮಾಡಿದವರಲ್ಲ. ಆದ್ದರಿಂದ ಅವರಿಗೆ ಮನಸ್ಸಿದ್ದರೂ ತಾವು ನಡೆದು ಬಂದ ಒಂದು ದಾರಿಯನ್ನಷ್ಟೇ ತೋರಿಸಬಲ್ಲರು. ಈ ಕೊರತೆಯನ್ನು ತುಂಬುವ ಉದ್ದೇಶದಿಂದ 2012ರಲ್ಲಿ ಆರಂಭವಾದ ಮೈಐಡಿಪಿ ಎಂಬ ಜಾಲತಾಣ ಸೇವೆಯನ್ನು ಇಲ್ಲಿ ಪರಿಶೀಲಿಸಿದ್ದೇನೆ. ಇದು ಉಚಿತ, ಹೆಸರು ನೋಂದಾಯಿಸಿ ಖಾತೆ ತೆರೆದರೆ ಸಾಕು. ಇದನ್ನು ಬಳಸಬೇಕೆಂದು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಗೂ ನಾನು ಹೇಳುತ್ತೇನೆ. ಆದರೆ ಕೊನೆಯಲ್ಲಿ ಪರದೆಯ ಮೇಲೆ ಬರುವ ಉದ್ಯೋಗಗಳ ಪಟ್ಟಿಯನ್ನೇ ಇದರ ಮುಖ್ಯ ಫಲವೆಂದು ತಿಳಿದವರಿಗೆ ಇದರಿಂದ ಆಗುವ ಪ್ರಯೋಜನ ಅಲ್ಪ ಎಂಬ ಮಾತನ್ನೂ ಜೊತೆಗೇ ಸೇರಿಸುತ್ತೇನೆ.

ಈ ಸೇವೆಯ ಹಿಂದಿರುವವರು ಈ ಕ್ಷೇತ್ರವನ್ನು ಚೆನ್ನಾಗಿ ಬಲ್ಲವರು. 'ಸೈನ್ಸ್' ಪತ್ರಿಕೆಯನ್ನು ಪ್ರಕಟಿಸುವ ಅಮೆರಿಕದ ವಿಜ್ಞಾನ ಸಂಸ್ಥೆ ಎಎಎಎಸ್, ಜೀವವಿಜ್ಞಾನ ಸಂಘಗಳ ಒಕ್ಕೂಟವಾದ ಫಾಸೆಬ್, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ವೈದ್ಯಕೀಯ ಸಂಶೋಧನೆಗೆ ಹಣ ನೀಡುವ ಬರೋಸ್ ವೆಲ್ಕಮ್ ನಿಧಿ ಸೇರಿ ಇದನ್ನು ರೂಪಿಸಿದವು. ಫಿಲಿಪ್ ಕ್ಲಿಫರ್ಡ್, ಜೆನ್ನಿಫರ್ ಹೋಬಿನ್, ಸಿಂಥಿಯಾ ಫರ್ಮನ್ ಮತ್ತು ಬಿಲ್ ಲಿಂಡ್‌ಸ್ಟಾಟ್ ಇದರ ರಚನಕಾರರು. ತನ್ನ ಕೌಶಲ ಮತ್ತು ಗುರಿಗಳನ್ನು ತಾನೇ ಬರೆದಿಡುವ ವೈಯಕ್ತಿಕ ಅಭಿವೃದ್ಧಿ ಯೋಜನೆ (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಐಡಿಪಿ) ಎಂಬ ಕಲ್ಪನೆ ಕಂಪನಿಗಳಲ್ಲಿ ಮೊದಲೇ ಬಳಕೆಯಲ್ಲಿತ್ತು. ಅದನ್ನು ಪಿಎಚ್.ಡಿ. ನಂತರದ ಸಂಶೋಧಕರಿಗೆ ಹೊಂದಿಸಿದ ಒಂದು ಮಾದರಿಯನ್ನು ಫಾಸೆಬ್ ಈ ಜಾಲತಾಣಕ್ಕಿಂತ ಸುಮಾರು ಹತ್ತು ವರ್ಷ ಮೊದಲೇ ಮುಂದಿಟ್ಟಿತ್ತು. ಕಾಗದದ ಮೇಲಿದ್ದ ಆ ಮಾದರಿಯನ್ನು ವಿದ್ಯಾರ್ಥಿಯೇ ಕುಳಿತು, ಯಾರ ನೆರವಿಲ್ಲದೆ, ಹಂತ ಹಂತವಾಗಿ ಪೂರೈಸಬಹುದಾದ ಕ್ರಮವಾಗಿ ಬದಲಿಸಿದ್ದು ಮೈಐಡಿಪಿಯ ಸಾಧನೆ.

ಮೊದಲ ಹಂತ ಕೌಶಲಗಳ ಸ್ವಯಂ ಮೌಲ್ಯಮಾಪನ. ವಿಷಯಜ್ಞಾನ, ಸಂಶೋಧನಾ ಕೌಶಲ, ಸಂವಹನ, ವೃತ್ತಿಪರ ನಡವಳಿಕೆ, ನಿರ್ವಹಣೆ ಮತ್ತು ನಾಯಕತ್ವ, ಸಂಶೋಧನಾ ನೀತಿ ಮುಂತಾದ ವಿಭಾಗಗಳಲ್ಲಿ ಪ್ರತಿಯೊಂದು ಕೌಶಲಕ್ಕೂ 1ರಿಂದ 5ರವರೆಗೆ ನಮಗೆ ನಾವೇ ಅಂಕ ಕೊಟ್ಟುಕೊಳ್ಳಬೇಕು. ಹೊಸ ವಿದ್ಯಾರ್ಥಿ ತನಗೆ ಗೊತ್ತಿಲ್ಲದಿರುವುದು ಎಷ್ಟೆಂದು ಅರಿಯದೆ ಧಾರಾಳವಾಗಿ ಅಂಕ ಕೊಟ್ಟುಕೊಳ್ಳುತ್ತಾನೆ. ಸಂಶೋಧನೆಯ ನಡುಹಂತದಲ್ಲಿ ಸೋಲುಗಳನ್ನು ಕಂಡ ವಿದ್ಯಾರ್ಥಿನಿ ನಿಜವಾಗಿ ತನಗಿರುವ ಸಾಮರ್ಥ್ಯಕ್ಕೂ ಕಡಿಮೆ ಅಂಕ ಹಾಕಿಕೊಳ್ಳುತ್ತಾಳೆ. ಈ ಏರುಪೇರನ್ನು ಸರಿಪಡಿಸುವ ಶಕ್ತಿ ಯಾವ ಜಾಲತಾಣಕ್ಕೂ ಇಲ್ಲ. ಅದಕ್ಕಾಗಿ ಇದೇ ಪ್ರಶ್ನೆಗಳನ್ನು ನಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಮತ್ತೊಬ್ಬರ ಮುಂದಿಟ್ಟು, ಅವರು ಕೊಡುವ ಅಂಕ ನಮ್ಮ ಅಂಕಕ್ಕಿಂತ ಎಲ್ಲಿ ಬಹಳ ಭಿನ್ನವಾಗಿದೆಯೋ ಅಲ್ಲಿ ಮಾತ್ರ ನಿಂತು ಚರ್ಚಿಸುವುದು ಒಳ್ಳೆಯದು. ಆ ಮತ್ತೊಬ್ಬರು ಮಾರ್ಗದರ್ಶಕರೇ ಆಗಬೇಕೆಂದಿಲ್ಲ. ಅದೇ ಲ್ಯಾಬಿನ ಹಿರಿಯ ಸಂಶೋಧಕರು ಅನೇಕ ವೇಳೆ ಹೆಚ್ಚು ನೇರವಾಗಿ ಹೇಳುತ್ತಾರೆ.

ಎರಡನೆಯ ಹಂತವನ್ನು ಈ ಸೇವೆಯ ತಿರುಳೆಂದು ನಾನು ಪರಿಗಣಿಸುತ್ತೇನೆ. ಇಲ್ಲಿ ಕೌಶಲವನ್ನು ಬದಿಗಿಟ್ಟು ಆಸಕ್ತಿಯನ್ನು ಕೇಳಲಾಗುತ್ತದೆ, ಅದೂ ಬಹಳ ಖಚಿತವಾದ ರೀತಿಯಲ್ಲಿ. 'ನಿಮಗೆ ಬೋಧನೆ ಇಷ್ಟವೇ' ಎಂದು ಒಟ್ಟಾರೆಯಾಗಿ ಕೇಳುವುದಿಲ್ಲ. ಪ್ರಯೋಗಗಳನ್ನು ಯೋಜಿಸುವುದು, ದತ್ತಾಂಶ ವಿಶ್ಲೇಷಿಸುವುದು, ತಜ್ಞರಲ್ಲದವರಿಗೆ ವಿಜ್ಞಾನವನ್ನು ವಿವರಿಸುವುದು, ಜನರನ್ನು ಮೇಲ್ವಿಚಾರಣೆ ಮಾಡುವುದು ಇಂಥ ಒಂದೊಂದು ಕೆಲಸವನ್ನೂ ಹೆಸರಿಸಿ, ಮುಂದಿನ ವೃತ್ತಿಯಲ್ಲಿ ಅದನ್ನು ಎಷ್ಟು ಪದೇ ಪದೇ ಮಾಡಲು ಬಯಸುತ್ತೀರಿ ಎಂದು ಕೇಳಲಾಗುತ್ತದೆ. ಕೆಲಸದ ಸ್ವರೂಪಕ್ಕಿಂತ ಅದರ ಪ್ರಮಾಣವನ್ನು ಕೇಳುವ ಈ ಪ್ರಶ್ನೆ ನೋಡಲು ಚಿಕ್ಕದು, ಆದರೆ ಬಹಳ ಗೊಂದಲಗಳನ್ನು ಬಿಡಿಸುತ್ತದೆ. ಲ್ಯಾಬಿನಲ್ಲಿ ಜೀವಕೋಶಗಳನ್ನು ಬೆಳೆಸುವ ಕೋಶ ಕೃಷಿಯಲ್ಲಿ ಪಳಗಿದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಇಡೀ ವಿಭಾಗ ಆ ಕೆಲಸಕ್ಕೆ ಅವಳನ್ನೇ ಕರೆಯುತ್ತದೆ. ಕೌಶಲದ ಪಟ್ಟಿಯಲ್ಲಿ ಅವಳು ನಿಸ್ಸಂಕೋಚವಾಗಿ 5 ಎಂದು ಬರೆಯುತ್ತಾಳೆ. ಆದರೆ ಇದೇ ಕೆಲಸವನ್ನು ಮುಂದಿನ ಇಪ್ಪತ್ತು ವರ್ಷ ದಿನವೂ ಮಾಡಬೇಕೆಂದರೆ ಅವಳ ಮನಸ್ಸು ಹಿಂಜರಿಯುತ್ತದೆ. ಬದಲಿಗೆ ಸಹಪಾಠಿಗಳ ಲೇಖನಗಳ ಕರಡನ್ನು ತಿದ್ದಿಕೊಡುವಾಗ ಹೊತ್ತು ಹೋದದ್ದೇ ಅವಳಿಗೆ ತಿಳಿಯುವುದಿಲ್ಲ. ಅದನ್ನು ಯಾರೂ ಕೌಶಲವೆಂದು ಗುರುತಿಸಿಲ್ಲವಾದ್ದರಿಂದ ಅವಳೂ ಗುರುತಿಸಿಲ್ಲ. ಬಲ್ಲ ಕೆಲಸವನ್ನೂ ಬಯಸುವ ಕೆಲಸವನ್ನೂ ಬೇರೆ ಬೇರೆ ಪುಟಗಳಲ್ಲಿ ಬರೆಸುವುದರಿಂದ ಇವೆರಡರ ನಡುವಿನ ಅಂತರ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಸಂಶೋಧನೆಯಲ್ಲಿ ವರ್ಷಗಟ್ಟಲೆ ಒಂದೇ ಕೆಲಸಕ್ಕೆ ಮೆಚ್ಚುಗೆ ಪಡೆದವರು ಆ ಮೆಚ್ಚುಗೆಯನ್ನೇ ತಮ್ಮ ಆಸಕ್ತಿಯೆಂದು ಭಾವಿಸಿ ಮುಂದಿನ ಹುದ್ದೆಯನ್ನು ಆರಿಸಿಕೊಳ್ಳುವುದು ತೀರಾ ಸಾಮಾನ್ಯ. ಅಂಥವರಿಗೆ ಈ ಪುಟವೊಂದೇ ಸಾಕು, ಈ ಸೇವೆಗೆ ಕೊಟ್ಟ ಸಮಯ ಸಾರ್ಥಕ.

ಮೂರನೆಯದು ಮೌಲ್ಯಗಳ ಪುಟ. ಉದ್ಯೋಗ ಭದ್ರತೆ, ಸ್ವಾತಂತ್ರ್ಯ, ಸಮಾಜಕ್ಕೆ ಉಪಯೋಗ, ಕುಟುಂಬಕ್ಕೆ ದೊರೆಯುವ ಸಮಯ, ವೇತನ, ಮನ್ನಣೆ ಇಂಥವುಗಳಲ್ಲಿ ನಮಗೆ ಯಾವುದು ಎಷ್ಟು ಮುಖ್ಯವೆಂದು ಇಲ್ಲಿ ಗುರುತಿಸಬೇಕು. ಎಲ್ಲವನ್ನೂ 'ಬಹಳ ಮುಖ್ಯ' ಎಂದು ಗುರುತಿಸುವ ಆಸೆ ಯಾರಿಗಾದರೂ ಆಗುತ್ತದೆ, ಮತ್ತು ಹಾಗೆ ಗುರುತಿಸಿದರೆ ಆ ಪುಟದಿಂದ ಏನೂ ತಿಳಿಯುವುದಿಲ್ಲ. ಎರಡು ಮೌಲ್ಯಗಳು ಒಂದಕ್ಕೊಂದು ಎದುರಾದಾಗ ಯಾವುದನ್ನು ಬಿಡುತ್ತೀರಿ ಎಂದು ಕೇಳುವಂತಿದ್ದರೆ ಈ ಭಾಗ ಇನ್ನಷ್ಟು ಗಟ್ಟಿಯಾಗಿರುತ್ತಿತ್ತು.

ಈ ಮೂರರ ನಂತರ, ಕೌಶಲ ಮತ್ತು ಆಸಕ್ತಿಗಳ ಉತ್ತರಗಳನ್ನು ಆಧರಿಸಿ, ಇಪ್ಪತ್ತು ವೃತ್ತಿಮಾರ್ಗಗಳ ಪಟ್ಟಿಯೊಂದನ್ನು ಹೊಂದಾಣಿಕೆಯ ಪ್ರಮಾಣದೊಂದಿಗೆ ಮುಂದಿಡಲಾಗುತ್ತದೆ. ಸಂಶೋಧನಾ ಪ್ರಧಾನ ವಿಶ್ವವಿದ್ಯಾಲಯದಲ್ಲಿ ಸ್ವಂತ ತಂಡ ಕಟ್ಟುವುದು, ಬೋಧನಾ ಪ್ರಧಾನ ಕಾಲೇಜಿನ ಅಧ್ಯಾಪನ, ಕೈಗಾರಿಕೆಯಲ್ಲಿ ಸಂಶೋಧನೆ, ವಿಜ್ಞಾನ ಬರವಣಿಗೆ, ವಿಜ್ಞಾನ ನೀತಿ, ಬೌದ್ಧಿಕ ಆಸ್ತಿ, ಔಷಧ ಪರೀಕ್ಷೆಗಳ ನಿರ್ವಹಣೆ, ಸಂಶೋಧನಾ ಆಡಳಿತ, ಸ್ವಂತ ಉದ್ಯಮ ಹೀಗೆ ಪಟ್ಟಿಯ ವ್ಯಾಪ್ತಿ ದೊಡ್ಡದು. ಪೇಟೆಂಟ್ ಕಚೇರಿಯಲ್ಲಿ ತಮ್ಮ ವಿಷಯದ ಪಿಎಚ್.ಡಿ. ಪಡೆದವರಿಗೆ ಕೆಲಸವಿದೆ ಎಂಬುದನ್ನೇ ಕೇಳಿರದ ವಿದ್ಯಾರ್ಥಿಗೆ ಈ ಪಟ್ಟಿ ಕಣ್ಣು ತೆರೆಸುವಂಥದ್ದು. ಆದರೆ ಶೇಕಡಾವಾರು ಅಂಕಗಳನ್ನು ನೋಡುವ ರೀತಿಯಲ್ಲಿ ಎಚ್ಚರ ಬೇಕು. ಮೊದಲ ಸ್ಥಾನಕ್ಕೂ ಆರನೆಯ ಸ್ಥಾನಕ್ಕೂ ನಡುವಿನ ವ್ಯತ್ಯಾಸ ಅನೇಕ ವೇಳೆ ಎರಡು ಮೂರು ಪ್ರಶ್ನೆಗಳಿಗೆ ನಾವು 3 ಎಂದು ಬರೆದೆವೋ 4 ಎಂದು ಬರೆದೆವೋ ಎಂಬುದರ ಮೇಲೆ ನಿಂತಿರುತ್ತದೆ. ಅಲ್ಲದೆ ಕೌಶಲದ ಹೊಂದಾಣಿಕೆ ಕಡಿಮೆಯಿದ್ದು ಆಸಕ್ತಿಯ ಹೊಂದಾಣಿಕೆ ಹೆಚ್ಚಿರುವ ಮಾರ್ಗಗಳನ್ನು ವಿದ್ಯಾರ್ಥಿಗಳು ಸುಮ್ಮನೆ ಕೈಬಿಡುತ್ತಾರೆ. ನನ್ನ ದೃಷ್ಟಿಯಲ್ಲಿ ಮೊದಲು ನೋಡಬೇಕಾದದ್ದು ಅವನ್ನೇ. ಕೌಶಲ ಕಲಿಯಲು ಪದವಿಯ ಅವಧಿ ಇನ್ನೂ ಉಳಿದಿದೆ, ಆಸಕ್ತಿಯನ್ನು ಮಾತ್ರ ಯಾರೂ ಕಲಿಸಲಾರರು. ಮೌಲ್ಯಗಳು ಈ ಲೆಕ್ಕದಲ್ಲಿ ಸೇರದಿರುವುದು ಸರಿಯಾದ ನಿರ್ಧಾರವೆಂದೇ ತೋರುತ್ತದೆ, ಏಕೆಂದರೆ ಒಂದೇ ವೃತ್ತಿಯ ಎರಡು ಹುದ್ದೆಗಳಲ್ಲಿ ಒಂದು ಭದ್ರವಾಗಿಯೂ ಇನ್ನೊಂದು ಅಭದ್ರವಾಗಿಯೂ ಇರಬಹುದು. ಅದನ್ನು ವೃತ್ತಿಯ ಹೆಸರಿನಿಂದ ಊಹಿಸಲಾಗದು. ಹುದ್ದೆಯೊಂದರ ಆಹ್ವಾನ ಕೈಗೆ ಬಂದ ದಿನ ಆ ಪುಟವನ್ನು ಮತ್ತೆ ತೆರೆದು ನೋಡಬೇಕು.

ಪಟ್ಟಿ ಬಂದ ಮೇಲೆ ಕಂಪ್ಯೂಟರಿನ ಕೆಲಸ ಮುಗಿದು ವಿದ್ಯಾರ್ಥಿಯ ಕೆಲಸ ಆರಂಭವಾಗುತ್ತದೆ. ಪ್ರತಿ ಮಾರ್ಗದ ಬಗ್ಗೆಯೂ ಓದಲು ಲೇಖನಗಳನ್ನು ಒದಗಿಸಿ, ನಂತರ ಆ ವೃತ್ತಿಯಲ್ಲಿರುವವರೊಡನೆ ಮಾತನಾಡುವಂತೆ ಸೇವೆ ಸೂಚಿಸುತ್ತದೆ. ಆ ಬಳಿಕ ಮೊದಲ ಆಯ್ಕೆಯೊಂದನ್ನೂ ಪರ್ಯಾಯ ಆಯ್ಕೆಯೊಂದನ್ನೂ ನಿರ್ಧರಿಸಿ ಬರೆಯಬೇಕು. ಹೆಚ್ಚಿನವರು ಓದುವ ಭಾಗವನ್ನು ಮುಗಿಸಿ ಮಾತನಾಡುವ ಭಾಗವನ್ನು ಮುಂದೂಡುತ್ತಾರೆ. ಅಪರಿಚಿತರಿಗೆ ಪತ್ರ ಬರೆಯುವ ಸಂಕೋಚ ನಿಜವಾದದ್ದೇ. ಆದರೆ ಅವಕಾಶಗಳ ವಿಷಯದಲ್ಲಿ ಇದಕ್ಕೆ ಸಮನಾದ ಮೂಲ ಬೇರೊಂದಿಲ್ಲ. ತಮ್ಮ ವಿಭಾಗದಿಂದಲೇ ಪದವಿ ಪಡೆದು ಹೊರಗೆ ಹೋದವರಿಂದ ಆರಂಭಿಸುವುದು ಸುಲಭ. ನಾಲ್ಕೈದು ಸಾಲಿನ ಪತ್ರದಲ್ಲಿ ತಾವು ಯಾರು, ಏಕೆ ಅವರನ್ನೇ ಕೇಳುತ್ತಿದ್ದೇವೆ ಎಂದು ತಿಳಿಸಿ, ಇಪ್ಪತ್ತು ನಿಮಿಷದ ಮಾತುಕತೆಗೆ ಸಮಯ ಕೇಳಬೇಕು, ಉದ್ಯೋಗ ಕೇಳಬಾರದು. ಕೇಳಬೇಕಾದ ಪ್ರಶ್ನೆಗಳೂ ಸರಳ: ಕಳೆದ ವಾರ ನೀವು ಯಾವ ಕೆಲಸಕ್ಕೆ ಹೆಚ್ಚು ಸಮಯ ಕೊಟ್ಟಿರಿ, ಪಿಎಚ್.ಡಿ.ಯಲ್ಲಿ ಕಲಿತದ್ದರಲ್ಲಿ ಯಾವುದು ಇಲ್ಲಿ ಬಳಕೆಗೆ ಬಂತು, ಹೊಸಬರು ಇಲ್ಲಿಗೆ ಯಾವ ಹುದ್ದೆಯಿಂದ ಪ್ರವೇಶಿಸುತ್ತಾರೆ, ಇನ್ಯಾರೊಡನೆ ನಾನು ಮಾತನಾಡಬೇಕು. ಈ ಕೊನೆಯ ಪ್ರಶ್ನೆಯಿಂದ ಪರಿಚಯಗಳು ಒಂದರಿಂದ ಒಂದಕ್ಕೆ ಬೆಳೆಯುತ್ತವೆ. ಹುದ್ದೆಯ ಪ್ರಕಟಣೆಯಲ್ಲಿ ಎಂದೂ ಬರೆಯದ ವಿಷಯಗಳು, ಉದಾಹರಣೆಗೆ ಆ ಕೆಲಸದಲ್ಲಿ ಸಂಶೋಧನಾ ಲೇಖನ ಪ್ರಕಟಿಸಲು ಅನುಮತಿ ಇದೆಯೇ ಇಲ್ಲವೇ ಎಂಬುದು, ಇಂಥ ಮಾತುಕತೆಯಲ್ಲಿ ಮಾತ್ರ ತಿಳಿಯುತ್ತವೆ. ಮೈಐಡಿಪಿ ಈ ಹಂತವನ್ನು ಹೆಸರಿಸಿ ಮುಂದೆ ಸಾಗಿಬಿಡುತ್ತದೆ. ಪತ್ರದ ಮಾದರಿಯನ್ನೂ ಪ್ರಶ್ನೆಗಳನ್ನೂ ಇದೇ ಪುಟದಲ್ಲಿ ಕಣ್ಣಿಗೆ ಕಾಣುವಂತೆ ಇಟ್ಟಿದ್ದರೆ ಮುಂದೂಡುವವರ ಸಂಖ್ಯೆ ಕಡಿಮೆಯಾಗುತ್ತಿತ್ತು.

ಗುರಿಗಳನ್ನು ಬರೆಯುವ ಭಾಗದಲ್ಲಿ ಮೂರು ಬಗೆಗಳಿವೆ: ವೃತ್ತಿಗೆ ಸಂಬಂಧಿಸಿದವು, ಕೌಶಲಕ್ಕೆ ಸಂಬಂಧಿಸಿದವು, ಕೈಯಲ್ಲಿರುವ ಸಂಶೋಧನಾ ಯೋಜನೆಗೆ ಸಂಬಂಧಿಸಿದವು. ಮುಂದಿನ ಒಂದು ವರ್ಷಕ್ಕೆ ಇವನ್ನು ದಿನಾಂಕ ಸಹಿತ ಬರೆದಿಟ್ಟರೆ, ಬೇಕೆಂದವರಿಗೆ ಇಮೇಲ್ ಮೂಲಕ ನೆನಪೋಲೆಗಳು ಬರುತ್ತವೆ. ಈ ವಿಂಗಡಣೆ ಉಪಯುಕ್ತ, ಏಕೆಂದರೆ ಬಿಟ್ಟರೆ ವಿದ್ಯಾರ್ಥಿಗಳು ಮೂರನೆಯ ಬಗೆಯ ಗುರಿಗಳನ್ನಷ್ಟೇ ಬರೆಯುತ್ತಾರೆ. ಒಂದು ಮಾತನ್ನು ಮಾತ್ರ ನೆನಪಿಡಬೇಕು: 'ಪ್ರಯೋಗ ಯಶಸ್ವಿಯಾಗಬೇಕು', 'ಲೇಖನ ಸ್ವೀಕೃತವಾಗಬೇಕು' ಎಂಬವು ನಮ್ಮ ಕೈಯಲ್ಲಿಲ್ಲದ ಗುರಿಗಳು. 'ಮಾರ್ಚ್ ಕೊನೆಯೊಳಗೆ ಕರಡನ್ನು ಸಹಲೇಖಕರಿಗೆ ಕಳುಹಿಸುವುದು' ಎಂಬುದು ನಮ್ಮ ಕೈಯಲ್ಲಿರುವ ಗುರಿ. ಮೊದಲ ಬಗೆಯದನ್ನೇ ತುಂಬಿಸಿಟ್ಟವರಿಗೆ ವರ್ಷದ ಕೊನೆಯಲ್ಲಿ ನಿರಾಶೆಯ ಹೊರತು ಬೇರೇನೂ ತಿಳಿಯುವುದಿಲ್ಲ.

ಇನ್ನು ಈ ಸೇವೆಯಲ್ಲಿ ಇಲ್ಲದ್ದರ ವಿಷಯ. ವೃತ್ತಿಯ ದಿಕ್ಕನ್ನು ಯೋಚಿಸಲು ಇದು ನೆರವಾಗುತ್ತದೆ, ಆದರೆ ಅವಕಾಶಗಳಿಗೆ ಇರುವ ಕಾಲಮಿತಿಗಳನ್ನು ಇದು ನಮ್ಮ ಯೋಜನೆಯೊಡನೆ ಜೋಡಿಸಿ ತೋರಿಸುವುದಿಲ್ಲ. ಸಂಶೋಧನಾ ಫೆಲೋಶಿಪ್‌ಗಳಲ್ಲಿ ಇದು ಬಹಳ ದೊಡ್ಡ ವಿಷಯ. ಸಂಶೋಧಕರಿಗೆ ಧನಸಹಾಯ ನೀಡುವ ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಯೋಜನೆಯನ್ನೇ ತೆಗೆದುಕೊಂಡರೆ, ಪಿಎಚ್.ಡಿ. ವಿದ್ಯಾರ್ಥಿಗಳಿಗಾಗಿ ಇರುವ ಅದರ ಡಾಕ್ಟರಲ್ ಜಾಲಗಳಲ್ಲಿ ಸೇರುವವರು ಆಗಲೇ ಡಾಕ್ಟರೇಟ್ ಪಡೆದಿರಬಾರದು ಮತ್ತು ನೇಮಕಾತಿಗೆ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸಿಸಿರಬಾರದು. ಅದೇ ಯೋಜನೆಯ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಡಾಕ್ಟರೇಟ್ ಪಡೆದಿರಲೇಬೇಕು, ಮತ್ತು ಆ ನಂತರದ ಸಂಶೋಧನಾ ಅನುಭವ ಎಂಟು ವರ್ಷ ಮೀರಿರಬಾರದು. ಇಂಥ ನಿಯಮಗಳನ್ನು ಅರ್ಜಿ ತುಂಬುವ ವಾರದಲ್ಲಿ ಓದಿದರೆ ಪ್ರಯೋಜನವಿಲ್ಲ; ಎರಡು ವರ್ಷ ಮೊದಲೇ ತಿಳಿದಿದ್ದರೆ ಯಾವ ದೇಶಕ್ಕೆ ಯಾವಾಗ ಹೋಗಬೇಕು, ಮಹಾಪ್ರಬಂಧವನ್ನು ಯಾವ ತಿಂಗಳು ಸಲ್ಲಿಸಬೇಕು ಎಂಬ ನಿರ್ಧಾರಗಳೇ ಬೇರೆಯಾಗುತ್ತವೆ. ಆದ್ದರಿಂದ ಮೈಐಡಿಪಿಯ ಗುರಿಗಳ ಪುಟದ ಜೊತೆಗೆ, ತಮಗೆ ಅರ್ಹತೆ ಇರುವ ಫೆಲೋಶಿಪ್‌ಗಳ ಪಟ್ಟಿಯೊಂದನ್ನು ಅವುಗಳ ಅರ್ಹತಾ ಅವಧಿ ಮತ್ತು ಅರ್ಜಿಯ ಕೊನೆಯ ದಿನಾಂಕ ಸಹಿತ ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಅನಿವಾರ್ಯ. ಯುರೋಪಿನ ಸಂಶೋಧನಾ ಹುದ್ದೆಗಳಿಗಾಗಿ ಯುರೋಪಿಯನ್ ಆಯೋಗದ ಬೆಂಬಲವಿರುವ ಯುರಾಕ್ಸೆಸ್ ಜಾಲತಾಣವನ್ನು ಉಚಿತವಾಗಿ ಹುಡುಕಬಹುದು. ಜೊತೆಗೆ, ಮೈಐಡಿಪಿ ಆರಂಭವಾದ 2012ರಲ್ಲೇ ಬಳಕೆಗೆ ಬಂದ ಆರ್ಕಿಡ್ ಎಂಬ 16 ಅಂಕೆಗಳ ಸಂಶೋಧಕ ಗುರುತು ಸಂಖ್ಯೆಯನ್ನು ಮೊದಲ ಲೇಖನಕ್ಕೂ ಮುಂಚೆಯೇ ಪಡೆದಿರುವುದು ಒಳ್ಳೆಯದು. ಒಂದೇ ಹೆಸರಿನ ಹಲವು ಸಂಶೋಧಕರಿರುವಾಗ, ಅಥವಾ ಹೆಸರನ್ನು ಒಂದೊಂದು ಕಡೆ ಒಂದೊಂದು ರೀತಿ ಬರೆಯುವ ಪದ್ಧತಿಯಿರುವಾಗ, ನಮ್ಮ ಕೆಲಸ ನಮ್ಮ ಲೆಕ್ಕಕ್ಕೇ ಸೇರುವಂತೆ ನೋಡಿಕೊಳ್ಳುವುದು ಆ ಸಂಖ್ಯೆ.

ಇನ್ನೊಂದು ಮಿತಿ ವಿಷಯಗಳ ವ್ಯಾಪ್ತಿಯದು. ಇಪ್ಪತ್ತು ಮಾರ್ಗಗಳ ಪಟ್ಟಿಯಲ್ಲಿ ಜೀವವಿಜ್ಞಾನ ಮತ್ತು ವೈದ್ಯಕೀಯ ಸಂಶೋಧನೆಯ ನೆರಳು ಸ್ಪಷ್ಟವಾಗಿದೆ. ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೆಲವು ಸಾಲುಗಳನ್ನು ತಮಗೆ ಸಂಬಂಧವಿಲ್ಲವೆಂದು ಬಿಟ್ಟು, ತಮಗೆ ಮುಖ್ಯವಾದ ಕೆಲವನ್ನು ತಾವೇ ಸೇರಿಸಿ ಯೋಚಿಸಬೇಕಾಗುತ್ತದೆ. ರಸಾಯನಶಾಸ್ತ್ರದವರಿಗೆ ಅಮೆರಿಕನ್ ಕೆಮಿಕಲ್ ಸೊಸೈಟಿ ಇದೇ ಬಗೆಯ ಕೆಮ್‌ಐಡಿಪಿ ಎಂಬ ಸೇವೆಯನ್ನು ಒದಗಿಸಿದೆ. ಮಾನವಿಕ ಮತ್ತು ಸಮಾಜವಿಜ್ಞಾನಗಳ ಸಂಶೋಧಕರಂತೂ ಮೈಐಡಿಪಿಯನ್ನು ಬಿಟ್ಟು ನೇರವಾಗಿ ಇಮ್ಯಾಜಿನ್‌ಪಿಎಚ್‌ಡಿ ಎಂಬ ಸೇವೆಗೆ ಹೋಗುವುದೇ ಸರಿ. ಗ್ರ್ಯಾಜುಯೇಟ್ ಕೆರಿಯರ್ ಕನ್ಸೋರ್ಷಿಯಂ ಎಂಬ ವೃತ್ತಿ ಸಲಹೆಗಾರರ ಸಂಘಟನೆ 2017ರಲ್ಲಿ ಅದನ್ನು ಆರಂಭಿಸಿತು, ಅದೂ ಉಚಿತ. ಕೌಶಲ, ಆಸಕ್ತಿ, ಮೌಲ್ಯ ಎಂಬ ಮೂರು ಮೌಲ್ಯಮಾಪನಗಳ ಚೌಕಟ್ಟು ಅಲ್ಲೂ ಇದೆ, ಆದರೆ ಉದ್ಯೋಗಗಳನ್ನು ಕುಟುಂಬಗಳಾಗಿ ಗುಂಪು ಮಾಡಿರುವುದು ಅದರ ವಿಶೇಷ. ಇತಿಹಾಸ ಅಥವಾ ಸಾಹಿತ್ಯದಲ್ಲಿ ಸಂಶೋಧನೆ ಮಾಡಿದವರಿಗೆ ತಮ್ಮ ವಿಷಯದ ಹೆಸರನ್ನೇ ಹೊತ್ತ ಉದ್ಯೋಗ ವಿಶ್ವವಿದ್ಯಾಲಯದ ಹೊರಗೆ ಸಿಗುವುದು ವಿರಳ. ಪ್ರಕಾಶನ, ಸಾರ್ವಜನಿಕ ನೀತಿ, ಸಂವಹನ ಇಂಥ ಕ್ಷೇತ್ರಗಳಲ್ಲಿ ತಮ್ಮ ಸಾಮರ್ಥ್ಯವನ್ನು ಬೇರೆ ಹೆಸರಿನಲ್ಲಿ ಗುರುತಿಸಬೇಕಾದ ಅವರಿಗೆ ಈ ವಿಂಗಡಣೆ ನಿಜವಾದ ಸಹಾಯ ಮಾಡುತ್ತದೆ. ಈ ಎಲ್ಲ ಸೇವೆಗಳೂ ಅಮೆರಿಕದ ಉದ್ಯೋಗ ಮಾರುಕಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಬೇರೆಡೆ ಇರುವವರು ಅವು ಸೂಚಿಸುವ ಸಂಘಸಂಸ್ಥೆಗಳ ಜಾಗದಲ್ಲಿ ತಮ್ಮ ದೇಶದವನ್ನು ತಾವೇ ಹುಡುಕಿ ಇಟ್ಟುಕೊಳ್ಳಬೇಕು.

ಇಂಥ ಯೋಜನೆ ಬರೆಯುವುದು ಈಗ ಕೆಲವೆಡೆ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2013ರಿಂದ ಇದನ್ನು ಪ್ರೋತ್ಸಾಹಿಸುತ್ತಾ ಬಂದಿವೆ. ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 2024ರ ಮೇ ತಿಂಗಳಿನಿಂದ ಜಾರಿಗೆ ಬಂದ ತನ್ನ ನಿಯಮಗಳಲ್ಲಿ, ತನ್ನ ಅನುದಾನದಿಂದ ಗಣನೀಯ ನೆರವು ಪಡೆಯುವ ಸ್ನಾತಕೋತ್ತರ ಮತ್ತು ಪಿಎಚ್.ಡಿ. ವಿದ್ಯಾರ್ಥಿಗಳಿಗೂ ಪೋಸ್ಟ್‌ಡಾಕ್‌ಗಳಿಗೂ ಪ್ರತಿವರ್ಷ ನವೀಕರಿಸುವ ಇಂಥ ಯೋಜನೆ ಇರಲೇಬೇಕೆಂದು ಹೇಳಿದೆ. ಉದ್ದೇಶ ಒಳ್ಳೆಯದೇ. ಆದರೆ ಕಡ್ಡಾಯವಾದ ಕೂಡಲೇ ಯಾವುದೇ ಪತ್ರಕ್ಕೆ ಬರುವ ಅಪಾಯ ಇದಕ್ಕೂ ಬರುತ್ತದೆ: ಮಾರ್ಗದರ್ಶಕರಿಗೆ ಹಿತವಾಗುವುದನ್ನು ಬರೆದು ಸಹಿ ಪಡೆಯುವುದು. ವಿಶ್ವವಿದ್ಯಾಲಯದಲ್ಲೇ ಮುಂದುವರಿಯುವ ಇಚ್ಛೆ ತನಗಿಲ್ಲವೆಂದು ಹೇಳಿದರೆ ಮಾರ್ಗದರ್ಶಕರ ಆಸಕ್ತಿ ಕುಗ್ಗೀತೇನೋ ಎಂಬ ಅಂಜಿಕೆ ಅನೇಕ ವಿದ್ಯಾರ್ಥಿಗಳಲ್ಲಿದೆ, ಮತ್ತು ಆ ಅಂಜಿಕೆಯನ್ನು ಹಗುರವಾಗಿ ಕಾಣುವಂತಿಲ್ಲ. ಮೇಲಿನ ಎರಡೂ ಸಂಸ್ಥೆಗಳು ಯೋಜನೆಯ ಪ್ರತಿಯನ್ನು ತಮಗೆ ಕಳುಹಿಸಬೇಕೆಂದು ಕೇಳುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಮೈಐಡಿಪಿಯಲ್ಲಿ ಮೌಲ್ಯಮಾಪನವನ್ನು ನಾವು ನಮ್ಮ ಖಾತೆಯಲ್ಲಿ ಒಬ್ಬರೇ ಕುಳಿತು ಪೂರೈಸುತ್ತೇವೆ. ಆ ಉತ್ತರಗಳನ್ನು ತಮಗಾಗಿ ಪ್ರಾಮಾಣಿಕವಾಗಿ ಬರೆದಿಟ್ಟುಕೊಂಡು, ಮಾರ್ಗದರ್ಶಕರೊಡನೆ ಕೌಶಲ ಮತ್ತು ಸಂಶೋಧನಾ ಗುರಿಗಳನ್ನು ಚರ್ಚಿಸಿ, ವೃತ್ತಿಯ ಆಯ್ಕೆಯನ್ನು ನಂಬಿಕಸ್ಥರಾದ ಮತ್ತೊಬ್ಬ ಹಿರಿಯರೊಡನೆ ಚರ್ಚಿಸುವುದರಲ್ಲಿ ಯಾವ ತಪ್ಪೂ ಇಲ್ಲ. ಒಬ್ಬರೇ ಮಾರ್ಗದರ್ಶಕರ ಬದಲು ಹಲವರ ತಂಡವೊಂದನ್ನು ಕಟ್ಟಿಕೊಳ್ಳಿರೆಂದು ಈ ಸೇವೆಯೇ ಸಲಹೆ ನೀಡುತ್ತದೆ, ಮತ್ತು ಅದರ ಸಲಹೆಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದು.

ಬಳಸಲು ತಕ್ಕ ಕಾಲ ಸಂಶೋಧನೆಯ ಎರಡನೆಯ ವರ್ಷ. ಮೊದಲ ವರ್ಷದಲ್ಲಿ ಕೆಲಸದ ರುಚಿಯೇ ಹತ್ತಿರುವುದಿಲ್ಲ. ಕೊನೆಯ ವರ್ಷದಲ್ಲಿ ಕೊರತೆಗಳು ತಿಳಿದರೂ ತುಂಬಿಕೊಳ್ಳಲು ಸಮಯವಿರುವುದಿಲ್ಲ. ಒಂದೇ ಕೂತಿನಲ್ಲಿ ಮುಗಿಸದೆ, ಮೌಲ್ಯಮಾಪನಗಳನ್ನು ಒಂದು ದಿನ, ಓದು ಮತ್ತು ಮಾತುಕತೆಗಳನ್ನು ಮುಂದಿನ ಕೆಲವು ತಿಂಗಳುಗಳಲ್ಲಿ, ಗುರಿಗಳನ್ನು ಅದರ ನಂತರ ಎಂದು ಹಂಚಿಕೊಳ್ಳಬೇಕು. ಸ್ನಾತಕೋತ್ತರ ಪದವಿಯ ವಿದ್ಯಾರ್ಥಿಗಳಿಗೆ ಪಟ್ಟಿಯ ಬಹುಭಾಗ ಪಿಎಚ್.ಡಿ.ಯನ್ನು ಊಹಿಸಿಕೊಂಡೇ ಇರುವುದರಿಂದ ಹೊಂದಾಣಿಕೆಯ ಅಂಕಗಳನ್ನು ಅವರು ನೋಡದಿದ್ದರೂ ನಡೆಯುತ್ತದೆ. ಆದರೆ ಆಸಕ್ತಿಗಳ ಪುಟವನ್ನು ಅವರು ಪಿಎಚ್.ಡಿ.ಗೆ ಅರ್ಜಿ ಹಾಕುವ ಮುನ್ನ ಖಂಡಿತವಾಗಿ ತುಂಬಬೇಕು. ಅಲ್ಲಿ ಪ್ರಯೋಗ, ದತ್ತಾಂಶ, ಬರವಣಿಗೆಗಳ ಮುಂದೆಲ್ಲ ತಾವು 1 ಮತ್ತು 2 ಎಂಬ ಕಡಿಮೆ ಅಂಕಗಳನ್ನೇ ಬರೆದಿರುವುದನ್ನು ಕಂಡವರು, ಅರ್ಜಿ ಕಳುಹಿಸುವುದನ್ನು ಒಂದು ವರ್ಷ ತಡೆದು, ಆ ಅವಧಿಯಲ್ಲಿ ಬೇರೊಂದು ಕೆಲಸವನ್ನು ಮಾಡಿ ನೋಡಲಿ.